ಹಾಸ್ಟೆಲ್ ಬಿಡಿಸಬೇಕೇ?

ರಾಣೆಬೆನ್ನೂರು ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: "ಮಗ ಧಾರವಾಡದಲ್ಲಿ ನಮ್ಮ ಸಮಾಜದ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಿದ್ದಾನೆ. ಈ ಸಲ ರಜೆಗೆ ಬಂದಾಗ ಬೈಕ್ ಮೇಲೆ ಜಾತಿಯ ಹೆಸರಿನ ಸ್ಟಿಕ್ಕರ್ ಇತ್ತು. ವಾಟ್ಸಾಪ್ ಸ್ಟೇಟಸ್ಸೂ ಅದೇ. ಮನೆಯಲ್ಲಿ ನಾವು ಇದನ್ನು ಕಲಿಸಿಲ್ಲ. ಹಾಸ್ಟೆಲ್ ಬಿಡಿಸಲೇ?"

ಬೇಡಮ್ಮಾ, ಬಿಡಿಸಬೇಡಿ.

ಮನೆಯಲ್ಲಿ ಕಲಿಸದಿದ್ದರೂ ಹೊರಗೆ ಕಲಿಸುವವರು ಬೇಕಾದಷ್ಟಿದ್ದಾರೆ. ಶಾಲೆಯ ಅರ್ಜಿಯಲ್ಲೇ ಜಾತಿಯ ಕಾಲಂ ಇರುತ್ತದೆ. ಸ್ಕಾಲರ್‌ಶಿಪ್ ಬೇಕೆಂದರೆ ನಾಡಕಚೇರಿಯ ಸರ್ಟಿಫಿಕೇಟ್. ಸಿಇಟಿ ಹೊತ್ತಿಗೆ "ನಿಂದ್ಯಾವ ಕೆಟಗರಿ, 2ಎನಾ 3ಬಿನಾ?" ಎಂದು ಹುಡುಗರು ಸಲೀಸಾಗಿ ಕೇಳಿಕೊಳ್ಳುತ್ತಾರೆ. ಆ ಕಾಲಂ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಅದಿಲ್ಲದೆ ಯಾರಿಗೆ ಅನ್ಯಾಯವಾಗಿದೆ ಎಂದು ಲೆಕ್ಕ ಹಾಕುವುದು ಹೇಗೆ?

ಹಾಸ್ಟೆಲ್‌ಗಳೂ ಜಂಬಕ್ಕೆ ಹುಟ್ಟಿದವಲ್ಲ. ಹಳ್ಳಿಯಿಂದ ಓದಲು ಬಂದ ಹುಡುಗನಿಗೆ ಕೋಣೆ ಕೊಡುವ ಮೊದಲು ಪೇಟೆಯವರು ಜಾತಿ ಕೇಳುತ್ತಿದ್ದರು. (ಈಗ 'ವೆಜ್ಜಾ, ನಾನ್‌ವೆಜ್ಜಾ' ಅಂತ ಸುತ್ತಿಬಳಸಿ ಕೇಳುತ್ತಾರೆ, ಅಲ್ವಾ?) ಬೆಂಗಳೂರಿನಲ್ಲಿ 1906ರಲ್ಲಿ ಒಕ್ಕಲಿಗರ ಸಂಘ ಶುರುವಾಯಿತು. ಬೇರೆ ಸಮುದಾಯಗಳೂ ಸಂಘ, ಹಾಸ್ಟೆಲ್ ಕಟ್ಟಿಕೊಂಡವು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ನೇಮಿಸಿದ್ದರ ಹಿಂದೆ ಹೀಗೆ ಸಂಘಟಿತರಾದವರ ಒತ್ತಾಯವಿತ್ತು. 1973ರಲ್ಲಿ ದಲಿತ ನಾಯಕ, ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು 'ಬೂಸಾ' ಎಂದಾಗ ಗಲಾಟೆ ಎದ್ದಿತು. ಅವರ ಪರ ನಿಂತ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ವಿದ್ಯಾರ್ಥಿಗಳು ಒಟ್ಟಾದರು; ದಲಿತ ಸಂಘರ್ಷ ಸಮಿತಿಗೆ ಅಲ್ಲಿಂದ ಬಲ ಬಂತು. ತಲೆತಗ್ಗಿಸಿ ಹೇಳಬೇಕಿದ್ದ ಜಾತಿಯ ಹೆಸರನ್ನು ಆ ಹುಡುಗರು ತಲೆಯೆತ್ತಿ ಹೇಳಿದರು.

ನಿಮ್ಮ ಮಗನ ಸ್ಟಿಕ್ಕರ್ ಆ ಸಾಲಿಗೆ ಸೇರುತ್ತದೆಯೇ? ನನಗಂತೂ ಅನುಮಾನ. ಅಲ್ಲಿ ನ್ಯಾಯ ಕೇಳುವ ಮಾತಿತ್ತು, ಇಲ್ಲಿ ಬರೀ ಗತ್ತು.

ಆದರೂ ಅವನ ಕಡೆಯಿಂದ ಸ್ವಲ್ಪ ನೋಡಿ. ಹಾಸ್ಟೆಲ್ ಸೇರಿದ ವಾರದಲ್ಲೇ ಸೀನಿಯರ್ ಒಬ್ಬ ಹಳೇ ನೋಟ್ಸ್ ಕೊಟ್ಟಿರುತ್ತಾನೆ. ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರೂ ಅವರೇ, ನಾಳೆ ಕೆಲಸಕ್ಕೆ ಯಾರಿಗೋ ಒಂದು ಮಾತು ಹೇಳುವವರೂ ಅವರೇ. ಜಯಂತಿ ಬಂತೆಂದರೆ ವಂತಿಗೆ, ಮೆರವಣಿಗೆ, ಸ್ಟಿಕ್ಕರ್. ಬೇಡ ಅಂದರೆ ಮೆಸ್ಸಿನಲ್ಲಿ ಒಬ್ಬನೇ ಕೂತು ಉಣ್ಣಬೇಕು. ಹತ್ತೊಂಬತ್ತರ ಹುಡುಗನಿಗೆ ಅದು ಸುಮ್ನೆ ಮಾತಲ್ಲ.

ಸರ್ಕಾರಿ ಬಿಸಿಎಂ (ಹಿಂದುಳಿದ ವರ್ಗದವರ) ಹಾಸ್ಟೆಲ್‌ಗಳಲ್ಲಿ ಹತ್ತಾರು ಜಾತಿಯ ಹುಡುಗರು ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಸಾರು ನೀರಾದರೆ ಎಲ್ಲರೂ ಸೇರಿಯೇ ಧರಣಿ ಕೂರುತ್ತಾರೆ. ಅಲ್ಲಿ ಅವರು 'ಹಾಸ್ಟೆಲ್ ಹುಡುಗರು'. ನಿಮ್ಮ ಮಗನಿಗೂ ಅಂಥ ಕ್ಲಾಸ್‌ಮೇಟ್‌ಗಳು ಇರುತ್ತಾರೆ. ಮುಂದಿನ ರಜೆಗೆ ಇಬ್ಬರನ್ನು ಕರೆದುಕೊಂಡು ಬಾ ಅನ್ನಿ. ರೊಟ್ಟಿ ಬಡಿಸಿ, ಜೊತೆಗೇ ಕೂರಿಸಿ.

ಸ್ಟಿಕ್ಕರ್‌ಗಾಗಿ ಜಗಳ ತೆಗೆಯಬೇಡಿ. ಬೆಂಗಳೂರಿಗೆ ಕೆಲಸ ಹುಡುಕಲು ಹೊರಟಾಗ ಅವನೇ ಕಿತ್ತರೂ ಕಿತ್ತಾನು. ಆದರೆ ಬೇರೆ ಜಾತಿಯವರನ್ನು ಹೀಯಾಳಿಸುವ ಮೆಸೇಜ್ ಫಾರ್ವರ್ಡ್ ಮಾಡುತ್ತಿದ್ದಾನಾ ಅಂತ ವಿಚಾರಿಸಿ. ಮಾಡುತ್ತಿದ್ದರೆ ಮುಲಾಜಿಲ್ಲದೆ ಗದರಿಸಿ.

– ಸಂಪಾದಕ