ಮತಪತ್ರದ ಲಕೋಟೆಯನ್ನು ಅಂಚೆಗೆ ಹಾಕುವ ಮುನ್ನ

ಈಚೆಗೆ ಅಮೆರಿಕದ ಪೌರತ್ವ ಪಡೆದಿರುವ ನೀವು, 2028ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಬಯಸುವವರನ್ನೆಲ್ಲ ಒಂದು ಕೋಷ್ಟಕದಲ್ಲಿ ಬರೆದು ಅಂಕ ಕೊಡುತ್ತಿದ್ದೀರಿ ಎಂದೂ, "ಯಾರು ಗೆಲ್ಲಬಲ್ಲರು" ಎಂಬ ಕಾಲಮ್ಮಿಗೆ ಎಷ್ಟು ತೂಕ ಕೊಡಬೇಕೆಂಬುದು ತಿಳಿಯುತ್ತಿಲ್ಲವೆಂದೂ ಬರೆದಿದ್ದೀರಿ. ಅಂಥದೇ ಕೋಷ್ಟಕ ನನ್ನ ಬಳಿಯೂ ಇತ್ತು. ಅದನ್ನು ಎಂಟು ತಿಂಗಳು ತಿದ್ದಿದ್ದೆ.

ನಾನು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೇನೆ, ಹುಟ್ಟಿದ್ದು ಹಾಸನದ ಕಡೆ. ನಮ್ಮೂರಿನಲ್ಲಿ ಟಿಕೆಟ್ ಯಾರಿಗೆ ಎಂಬುದು ಬೆಂಗಳೂರಿನಲ್ಲೋ ದೆಹಲಿಯಲ್ಲೋ ತೀರ್ಮಾನವಾಗುತ್ತಿತ್ತು. ಬಿ ಫಾರಂ ಯಾರ ಕೈ ಸೇರಿತೆಂಬ ಸುದ್ದಿ ಬಂದ ಮೇಲೆಯೇ ಮತದಾರರ ಕೆಲಸ ಶುರುವಾಗುತ್ತಿತ್ತು. ಹಾಗೆ ಬೆಳೆದ ನನಗೆ, ಪಕ್ಷದ ಟಿಕೆಟ್ಟನ್ನೇ ಸಾಮಾನ್ಯ ಮತದಾರರು ಹಂಚುವ ಇಲ್ಲಿನ ಪ್ರೈಮರಿ ಎಂಬ ವ್ಯವಸ್ಥೆ ದೊಡ್ಡ ಗೌರವದಂತೆ ಕಂಡಿತು. 2019ರ ಜೂನ್‌ನಲ್ಲಿ ಮಯಾಮಿಯಲ್ಲಿ 2020ರ ಡೆಮಾಕ್ರಟಿಕ್ ಟಿಕೆಟ್ಟಿನ 20 ಮಂದಿ ಆಕಾಂಕ್ಷಿಗಳು ಎರಡು ರಾತ್ರಿ ಚರ್ಚೆಗೆ ನಿಂತಾಗ ಎರಡೂ ರಾತ್ರಿ ಟಿವಿಯ ಮುಂದೆ ನೋಟ್‌ಬುಕ್ ಹಿಡಿದು ಕುಳಿತಿದ್ದೆ. ಆರೋಗ್ಯ ವಿಮೆ, ವಲಸೆ ನೀತಿ, ಆಡಳಿತದ ಅನುಭವ, ಕೊನೆಯಲ್ಲಿ ಗೆಲ್ಲುವ ಶಕ್ತಿ ಎಂದು ನಾಲ್ಕು ಕಾಲಮ್‌ಗಳಿದ್ದವು. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಳಿಂದ ನಿಂತಿದ್ದ ಗೆಳೆಯರ ಮುಖಗಳು ಕಣ್ಣ ಮುಂದಿದ್ದುದರಿಂದ ಎರಡನೆಯ ಕಾಲಮ್ಮಿಗೆ ಹೆಚ್ಚು ಅಂಕ ಇಟ್ಟಿದ್ದೆ.

ಮೊದಲ ಮೂರು ಕಾಲಮ್‌ಗಳನ್ನು ಕೂಡಿದರೆ ಮ್ಯಾಸಚೂಸೆಟ್ಸ್‌ನ ಸೆನೆಟರ್ ಎಲಿಜಬೆತ್ ವಾರನ್ ಎಲ್ಲರಿಗಿಂತ ಮುಂದಿದ್ದರು. ನಾಲ್ಕನೆಯದು ಸೇರಿದೊಡನೆ ಲೆಕ್ಕ ತಲೆಕೆಳಗಾಗುತ್ತಿತ್ತು, ಏಕೆಂದರೆ ಆ ಕಾಲಮ್ಮಿನಲ್ಲಿದ್ದ ಅಂಕಗಳು ನನ್ನವಾಗಿರಲಿಲ್ಲ. ಹಿಂದಿನ ರಾತ್ರಿ ಟಿವಿಯಲ್ಲಿ ಮಾತನಾಡಿದವರ ಅಭಿಪ್ರಾಯವನ್ನು ನಾನು ಬೆಳಿಗ್ಗೆ ಅಂಕವಾಗಿ ಬರೆಯುತ್ತಿದ್ದೆ, ಅಷ್ಟೇ. 2020ರ ಫೆಬ್ರವರಿ 3ರಂದು ಐಯೊವಾದ ಕಾಕಸ್ (ಮತದಾರರು ಸಭೆ ಸೇರಿ ಆಯ್ಕೆ ಮಾಡುವ ಪದ್ಧತಿ) ಫಲಿತಾಂಶ ಗೊಂದಲಕ್ಕೆ ಸಿಕ್ಕಿ ತಡವಾದಾಗ ಒಂದು ಅಂಕ ಬದಲಾಯಿತು. ಅಲ್ಲಿ ಜೋ ಬೈಡನ್ ನಾಲ್ಕನೆಯ ಸ್ಥಾನಕ್ಕೆ ಇಳಿದಾಗ ಇನ್ನೊಂದು ಬದಲಾಯಿತು. ಫೆಬ್ರವರಿ 7ರ ಚರ್ಚೆಯಲ್ಲಿ ಮಿನೆಸೋಟಾದ ಸೆನೆಟರ್ ಆ್ಯಮಿ ಕ್ಲೋಬುಚರ್ ಬಹಳ ಚೆನ್ನಾಗಿ ಮಾತನಾಡಿದರು. ನಾಲ್ಕು ದಿನಗಳ ನಂತರ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅವರು ಶೇ. 20ರ ಹತ್ತಿರ ಮತ ಪಡೆದು ಮೂರನೆಯವರಾದರು, ಬೈಡನ್ ಐದನೆಯವರಾದರು. ಬೈಡನ್ ಕಥೆ ಮುಗಿಯಿತೆಂದು ಎಲ್ಲೆಡೆ ಬರೆದರು, ನಾನೂ ನಂಬಿದೆ. ಮಧ್ಯಮ ಮಾರ್ಗದವರ ಮತ ಇನ್ನು ಕ್ಲೋಬುಚರ್ ಅವರ ಹಿಂದೆ ಒಗ್ಗೂಡುತ್ತದೆ ಎಂದು ನನ್ನ ಕೋಷ್ಟಕ ಹೇಳಿತು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ತಪ್ಪು ಕ್ಲೋಬುಚರ್ ಅವರನ್ನು ಆರಿಸಿದ್ದರಲ್ಲಿ ಇರಲಿಲ್ಲ. ಕ್ಯಾಲಿಫೋರ್ನಿಯಾದ ಪ್ರೈಮರಿ ಇದ್ದುದು ಮಾರ್ಚ್ 3ರಂದು, ಸೂಪರ್ ಟ್ಯೂಸ್‌ಡೇ ಎಂದು ಕರೆಯುವ ಆ ಮಂಗಳವಾರ, ನಮ್ಮದೂ ಸೇರಿ ಒಟ್ಟು 14 ರಾಜ್ಯಗಳಲ್ಲಿ ಒಂದೇ ದಿನ. ಅಂಚೆಯ ಮತಪತ್ರ ಫೆಬ್ರವರಿಯ ಮೊದಲ ವಾರದಲ್ಲಿಯೇ ಮನೆಗೆ ಬಂದಿತ್ತು. ಆಗಿನ ನಿಯಮದ ಪ್ರಕಾರ ಚುನಾವಣೆಯ ದಿನದೊಳಗಿನ ಅಂಚೆ ಮುದ್ರೆ ಇದ್ದು, ಮುಂದಿನ ಮೂರು ದಿನಗಳಲ್ಲಿ ಕಚೇರಿಗೆ ತಲುಪಿದರೆ ಮತ ಎಣಿಕೆಗೆ ಸೇರುತ್ತಿತ್ತು. ಅಂಚೆಯ ಮೇಲೆ ನಂಬಿಕೆ ಇಲ್ಲದವರು ಅದೇ ಲಕೋಟೆಯನ್ನು ಮಾರ್ಚ್ 3ರ ಸಂಜೆಯವರೆಗೂ ಮತಕೇಂದ್ರದಲ್ಲಿ ಕೈಯಾರೆ ಕೊಡಬಹುದಿತ್ತು. ಮನಸ್ಸು ಬದಲಾಗಿದ್ದರೆ, ಕಳಿಸದೆ ಉಳಿದ ಮತಪತ್ರವನ್ನು ಮತಕೇಂದ್ರದಲ್ಲಿ ಒಪ್ಪಿಸಿ ಹೊಸದನ್ನು ಪಡೆಯುವ ಅವಕಾಶವೂ ಇತ್ತು. ಇವೆಲ್ಲವೂ ಲಕೋಟೆಯ ಜೊತೆಗೆ ಬಂದ ಕಾಗದದಲ್ಲಿ ಅಚ್ಚಾಗಿದ್ದವು, ನಾನು ಓದಿಯೂ ಇದ್ದೆ.

ಆದರೂ ಫೆಬ್ರವರಿ 15ರ ಶನಿವಾರ ಬೆಳಿಗ್ಗೆ ಕ್ಲೋಬುಚರ್ ಅವರ ಹೆಸರಿನ ಮುಂದೆ ಗುರುತು ಹಾಕಿ, ಲಕೋಟೆಯ ಹಿಂದೆ ಸಹಿ ಮಾಡಿ, ಅಂಚೆ ಡಬ್ಬಿಗೆ ಹಾಕಿ ಬಂದೆ. ಆ ವಾರ ನಾನು ಎಲ್ಲಿಗೂ ಪ್ರಯಾಣ ಹೊರಟಿರಲಿಲ್ಲ, ಯಾರೂ ಒತ್ತಾಯಿಸಿರಲಿಲ್ಲ. ಕರೆಂಟ್ ಬಿಲ್ಲನ್ನು ಕೊನೆಯ ದಿನಕ್ಕೆ ಬಿಡಬಾರದು ಎಂದು ಮನೆಯಲ್ಲಿ ಕಲಿತ ಶಿಸ್ತನ್ನು ಮತಕ್ಕೂ ಅನ್ವಯಿಸಿದೆ. ಬೇಗ ಮುಗಿಸುವುದೇ ಜವಾಬ್ದಾರಿ ಎಂದುಕೊಂಡೆ. ಬಿಲ್ಲಿನ ಮೊತ್ತ ಹದಿನೇಳು ದಿನಗಳಲ್ಲಿ ಬದಲಾಗುವುದಿಲ್ಲ. ಆಕಾಂಕ್ಷಿಗಳ ಪಟ್ಟಿ ಬದಲಾಗುತ್ತದೆ. ಈ ವ್ಯತ್ಯಾಸವನ್ನು ನಾನು ಯೋಚಿಸಲೇ ಇಲ್ಲ.

ಆ ಹದಿನೇಳು ದಿನಗಳಲ್ಲಿ ಏನೇನಾಯಿತು ನೋಡಿ. ಫೆಬ್ರವರಿ 19ರಂದು ಲಾಸ್ ವೇಗಸ್‌ನ ಚರ್ಚೆಯಲ್ಲಿ ವಾರನ್ ಅವರು ನ್ಯೂಯಾರ್ಕ್ ನಗರದ ಮಾಜಿ ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಅವರನ್ನು ಪ್ರಶ್ನಿಸಿದ ರೀತಿ ಇಡೀ ಸ್ಪರ್ಧೆಯ ಮಾತನ್ನು ಬದಲಿಸಿತು. 22ರಂದು ನೆವಾಡಾದಲ್ಲಿ ಬರ್ನಿ ಸ್ಯಾಂಡರ್ಸ್ ದೊಡ್ಡ ಅಂತರದಿಂದ ಗೆದ್ದರು. 26ರಂದು ದಕ್ಷಿಣ ಕ್ಯಾರೊಲಿನಾದ ಪ್ರಭಾವಿ ಸಂಸದ ಜಿಮ್ ಕ್ಲೈಬರ್ನ್ ಬೈಡನ್ ಅವರಿಗೆ ಬೆಂಬಲ ಘೋಷಿಸಿದರು, 29ರಂದು ದಕ್ಷಿಣ ಕ್ಯಾರೊಲಿನಾದಲ್ಲಿ ಬೈಡನ್ ಶೇ. 48ಕ್ಕೂ ಹೆಚ್ಚು ಮತ ಪಡೆದರು. ಬಹುಪಾಲು ಬಿಳಿಯರೇ ಇರುವ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹೊಳೆದಿದ್ದ ಕ್ಲೋಬುಚರ್, ಡೆಮಾಕ್ರಟಿಕ್ ಮತದಾರರಲ್ಲಿ ಕಪ್ಪು ಜನರೇ ಹೆಚ್ಚಿರುವ ಆ ರಾಜ್ಯದಲ್ಲಿ ಶೇ. 4ನ್ನೂ ಮುಟ್ಟಲಿಲ್ಲ. ಮಾರ್ಚ್ 1ರಂದು ಪೀಟ್ ಬುಟಜಜ್ ಕಣದಿಂದ ಹಿಂದೆ ಸರಿದರು. ಮಾರ್ಚ್ 2ರಂದು ಕ್ಲೋಬುಚರ್ ಕೂಡ ಹಿಂದೆ ಸರಿದು, ಅದೇ ಸಂಜೆ ಡಲ್ಲಾಸ್‌ನಲ್ಲಿ ಬೈಡನ್ ಪಕ್ಕದಲ್ಲಿ ನಿಂತರು.

ಮರುದಿನ ನಾನು ಮತಕೇಂದ್ರಕ್ಕೆ ಹೋಗಿ, ಬೇರೆ ಮತಪತ್ರ ಸಿಗಬಹುದೇ ಎಂದು ಕೇಳಿದೆ. ಅಲ್ಲಿದ್ದ ಹಿರಿಯ ಮಹಿಳೆ ಕಂಪ್ಯೂಟರಿನಲ್ಲಿ ನೋಡಿ, ನನ್ನ ಮತಪತ್ರ ಈಗಾಗಲೇ ತಲುಪಿ ಸ್ವೀಕೃತವಾಗಿದೆ, ಇನ್ನು ಏನೂ ಮಾಡಲಾಗುವುದಿಲ್ಲ ಎಂದು ಬಹಳ ಸೌಜನ್ಯದಿಂದ ಹೇಳಿದರು. ಕಾರಿಗೆ ಬಂದು ಕುಳಿತು ಅತ್ತೆ. ಮೊದಲ ಬಾರಿಗೆ ಟಿಕೆಟ್ ಹಂಚುವ ಕೈಗಳಲ್ಲಿ ನನ್ನದೂ ಒಂದಾಗಿತ್ತು, ಅದನ್ನು ಸ್ಪರ್ಧೆಯಲ್ಲೇ ಇಲ್ಲದವರಿಗೆ ಕೊಟ್ಟಿದ್ದೆ. ಆ ರಾತ್ರಿ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಅಪ್ಪ, "ಅಷ್ಟು ಅವಸರ ಏನಿತ್ತಮ್ಮಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ನಷ್ಟ ಎಷ್ಟೆಂಬುದು ಫಲಿತಾಂಶ ಪೂರ್ತಿ ಬಂದ ಮೇಲೆ ತಿಳಿಯಿತು. ಡೆಮಾಕ್ರಟಿಕ್ ಪಕ್ಷದ ನಿಯಮದಂತೆ ಶೇ. 15ರಷ್ಟು ಮತ ಮುಟ್ಟದವರಿಗೆ ಪ್ರತಿನಿಧಿಗಳು, ಅಂದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವವರು, ಸಿಗುವುದಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಇದ್ದ 415 ಚುನಾಯಿತ ಪ್ರತಿನಿಧಿ ಸ್ಥಾನಗಳಲ್ಲಿ 271ನ್ನು ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಕ್ಷೇತ್ರವಾರು, ಉಳಿದ 144ನ್ನು ಇಡೀ ರಾಜ್ಯದ ಮತದ ಮೇಲೆ ಹಂಚುತ್ತಿದ್ದರು, ಎರಡಕ್ಕೂ ಈ ಗೆರೆ ಪ್ರತ್ಯೇಕವಾಗಿ ಅನ್ವಯಿಸುತ್ತಿತ್ತು. ವಾರನ್ ರಾಜ್ಯದಲ್ಲಿ ಶೇ. 13ರ ಆಸುಪಾಸಿನಲ್ಲಿ ನಿಂತುಬಿಟ್ಟರು. ಕಣದಲ್ಲೇ ಇಲ್ಲದ ಬುಟಜಜ್ ಅವರಿಗೆ 2 ಲಕ್ಷಕ್ಕೂ ಹೆಚ್ಚು, ಕ್ಲೋಬುಚರ್ ಅವರಿಗೆ 1 ಲಕ್ಷಕ್ಕೂ ಹೆಚ್ಚು ಮತ ಬಿದ್ದಿದ್ದವು. ಅವರೆಲ್ಲರೂ ವಾರನ್ ಕಡೆ ಬರುತ್ತಿದ್ದರೆಂದು ನಾನು ಹೇಳುತ್ತಿಲ್ಲ, ಹೆಚ್ಚಿನವರು ಬೈಡನ್ ಕಡೆಗೇ ಹೋಗುತ್ತಿದ್ದರೇನೋ. ನಾನಂತೂ ವಾರನ್ ಅವರಿಗೇ ಹಾಕುತ್ತಿದ್ದೆ. ಗೆರೆಯ ಕೆಳಗೆ ಉಳಿದುಹೋದವರ ಪಕ್ಕದಲ್ಲಿ ನನ್ನ ಮತ ಇರಬೇಕಾಗಿತ್ತು.

ಆದುದರಿಂದ ನಿಮ್ಮ ಪ್ರಶ್ನೆಯನ್ನು ಅದು ಇರುವಂತೆಯೇ ಒಪ್ಪಿಕೊಳ್ಳಲು ನನಗೆ ಆಗುತ್ತಿಲ್ಲ. "ಗೆಲ್ಲಬಲ್ಲರು" ಎಂಬ ಕಾಲಮ್ಮಿಗೆ ಎಷ್ಟು ತೂಕ ಎಂದು ಕೇಳಿದ್ದೀರಿ. ಅದನ್ನು ಅಳಿಸಿಬಿಡಿ ಎನ್ನುತ್ತೇನೆ. ಫೆಬ್ರವರಿ ಮಧ್ಯದಲ್ಲಿ ಮುಗಿದೇಹೋದರು ಎನ್ನಿಸಿಕೊಂಡಿದ್ದ ಬೈಡನ್, ಮಾರ್ಚ್ 3ರಂದು 14ರಲ್ಲಿ 10 ರಾಜ್ಯಗಳನ್ನು ಗೆದ್ದರು, ಕ್ಲೋಬುಚರ್ ಅವರ ಸ್ವಂತ ಮಿನೆಸೋಟಾವನ್ನೂ ಸೇರಿಸಿ. ಗೆಲ್ಲುವ ಶಕ್ತಿ ಎಂಬುದು ಆಕಾಂಕ್ಷಿಯ ಎತ್ತರದಂತೆ ಮೊದಲೇ ಅಳೆದು ಬರೆಯಬಹುದಾದ ಗುಣವಲ್ಲ. ಒಂದೊಂದು ರಾಜ್ಯ ಮತ ಹಾಕಿದಂತೆ ಅದು ಹುಟ್ಟುತ್ತದೆ, ಸಾಯುತ್ತದೆ.

ಆ ಕಾಲಮ್ಮಿನ ಜಾಗದಲ್ಲಿ ಬರೆಯಬೇಕಾದದ್ದು ನಿಮ್ಮ ಬಗ್ಗೆ. ಆಕಾಂಕ್ಷಿಗಳ ಕುರಿತು ಅಷ್ಟೆಲ್ಲ ಬರೆದ ನೀವು, ಯಾವ ರಾಜ್ಯದಲ್ಲಿದ್ದೀರಿ ಎಂಬುದನ್ನೇ ಹೇಳಿಲ್ಲ. ನನ್ನ ದೃಷ್ಟಿಯಲ್ಲಿ ಮೊದಲ ಪ್ರಶ್ನೆ ಅದೇ. ಫ್ಲಾರಿಡಾ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳಲ್ಲಿ ಪಕ್ಷಕ್ಕೆ ಹೆಸರು ನೋಂದಾಯಿಸದವರಿಗೆ ಆ ಪಕ್ಷದ ಪ್ರೈಮರಿಯಲ್ಲಿ ಮತವಿಲ್ಲ. ಟೆಕ್ಸಾಸ್‌ನಲ್ಲಿ ಪಕ್ಷವಾರು ನೋಂದಣಿಯೇ ಇಲ್ಲ. 2020ರಲ್ಲಿ ನಮ್ಮ ಕ್ಯಾಲಿಫೋರ್ನಿಯಾದಲ್ಲಿ "ಯಾವ ಪಕ್ಷವೂ ಬೇಡ" ಎಂದು ನೋಂದಾಯಿಸಿಕೊಂಡವರು ಡೆಮಾಕ್ರಟಿಕ್ ಮತಪತ್ರವನ್ನು ಕೇಳಿ ಪಡೆಯಬೇಕಿತ್ತು. ಕೇಳದವರ ಮನೆಗೆ ಬಂದ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದ ಆಕಾಂಕ್ಷಿಗಳ ಹೆಸರೇ ಇರಲಿಲ್ಲ. ರಿಪಬ್ಲಿಕನ್ ಪಕ್ಷದಲ್ಲಿ ಹಂಚಿಕೆಯ ಲೆಕ್ಕವೇ ಬೇರೆ: 2016ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಶೇ. 32ರ ಸುಮಾರು ಮತ ಪಡೆದ ಡೊನಾಲ್ಡ್ ಟ್ರಂಪ್ ಅಲ್ಲಿನ 50 ಪ್ರತಿನಿಧಿಗಳನ್ನೂ ಗೆದ್ದುಕೊಂಡರು. ರಾಜ್ಯಗಳ ಸರದಿ ಕೂಡ ಶಾಶ್ವತವಲ್ಲ, 2024ರಲ್ಲಿ ಡೆಮಾಕ್ರಟಿಕ್ ಪಕ್ಷ ದಕ್ಷಿಣ ಕ್ಯಾರೊಲಿನಾವನ್ನು ಮೊದಲಿಗೆ ತಂದಿತು.

ಉಳಿದ ಮೂರು ಕಾಲಮ್‌ಗಳ ಲೆಕ್ಕದಲ್ಲಿ ಮೊದಲ ಆಯ್ಕೆಯ ಜೊತೆಗೆ ಎರಡನೆಯದನ್ನೂ ಮೂರನೆಯದನ್ನೂ ಬರೆದಿಡಿ, ಏಕೆಂದರೆ ನಿಮ್ಮ ಸರದಿ ಬರುವ ಹೊತ್ತಿಗೆ ಮೊದಲನೆಯವರು ಕಣದಲ್ಲಿ ಇರುತ್ತಾರೆಂಬ ಭರವಸೆ ಇಲ್ಲ. ಮತಪತ್ರ ಅಂಚೆಯಲ್ಲಿ ಬಂದರೆ ಎಲ್ಲರಿಗೂ ಕಾಣುವ ಜಾಗದಲ್ಲಿ ಇಟ್ಟು, ಕೊನೆಯ ಎರಡು ದಿನಗಳವರೆಗೂ ಅಂಟಿಸಬೇಡಿ. ಅನಾರೋಗ್ಯವಿರುವವರು, ಊರು ಬಿಟ್ಟು ಹೋಗುವವರು ಬೇಗ ಕಳಿಸಲಿ, ಅದು ಅವರ ಅನಿವಾರ್ಯ. ನಿಮಗೆ ಅಂಥ ಕಾರಣವಿಲ್ಲದಿದ್ದರೆ, ನಿಮ್ಮ ರಾಜ್ಯದ ನಿಯಮ ಒಪ್ಪಿದರೆ, ಲಕೋಟೆಯನ್ನು ಕೈಯಲ್ಲೇ ಒಯ್ದು ಮತಕೇಂದ್ರದಲ್ಲಿ ಕೊಡಿ. 2024ರ ಪ್ರೈಮರಿಯಲ್ಲಿ ನಾನು ಹಾಗೆಯೇ ಮಾಡಿದೆ, ಎದುರಾಳಿಗಳು ಹೆಸರಿಗಷ್ಟೇ ಇದ್ದರೂ ಸಹ.

ನಿಮ್ಮ ರಾಜ್ಯ ಯಾವುದು, ಅಲ್ಲಿ ಯಾವ ಪಕ್ಷಕ್ಕೆ ನೋಂದಾಯಿಸಿಕೊಂಡಿದ್ದೀರಿ ಎಂಬುದನ್ನು ತಿಳಿಸಿ. ಕೋಷ್ಟಕವನ್ನು ಆಮೇಲೆ ನೋಡೋಣ.