ದವಡೆ ಸರಿಪಡಿಸುವ ಆಪರೇಷನ್‌ಗೆ ಮುಂಚೆ ಏನೇನು ತಿಳಿದಿರಬೇಕು?

ನಿಮಗೆ 22 ವರ್ಷ, ಕೆಳದವಡೆ ಮುಂದಕ್ಕೆ ಬಂದಿದೆ, ಡಾಕ್ಟರ್ ಆಪರೇಷನ್ ಹೇಳಿದ್ದಾರೆ, ನೋವು ಎಷ್ಟಿರುತ್ತೆ ಅಂತ ಕೇಳಿದ್ದೀರಿ. ನನ್ನದೂ ಇದೇ ಸಮಸ್ಯೆ. ಮೇಲಿನ ದವಡೆ, ಕೆಳಗಿನ ದವಡೆ ಎರಡಕ್ಕೂ ಒಟ್ಟಿಗೇ ಆಪರೇಷನ್ ಆಯಿತು. ನೋವು ಮಾತ್ರೆಯಲ್ಲೇ ಹಿಡಿತಕ್ಕೆ ಬಂತು. ಕಷ್ಟ ಕೊಟ್ಟಿದ್ದು ಬೇರೆ ಸಂಗತಿಗಳು.

ಮೊದಲನೆಯದು ಕಾಯುವುದು. ಆಪರೇಷನ್ ಕೆಲವು ಗಂಟೆಗಳದ್ದು, ಆದರೆ ಪೂರ್ತಿ ಚಿಕಿತ್ಸೆಗೆ ಸಾಮಾನ್ಯವಾಗಿ ಎರಡು ವರ್ಷದ ಹತ್ತಿರ ಹಿಡಿಯುತ್ತದೆ. ಮೊದಲು ಒಂದು, ಒಂದೂವರೆ ವರ್ಷ ಹಲ್ಲಿಗೆ ಕ್ಲಿಪ್. ನಮ್ಮಂಥವರಲ್ಲಿ ಕೆಳಗಿನ ಹಲ್ಲು ಒಳಕ್ಕೆ, ಮೇಲಿನ ಹಲ್ಲು ಹೊರಕ್ಕೆ ಬಾಗಿ ದವಡೆಯ ವ್ಯತ್ಯಾಸವನ್ನು ಸ್ವಲ್ಪ ಮುಚ್ಚಿಟ್ಟಿರುತ್ತವೆ. ಕ್ಲಿಪ್ ಅವನ್ನು ನೆಟ್ಟಗೆ ಮಾಡುತ್ತದೆ. ಹಾಗಾಗಿ ಆಪರೇಷನ್ ಹತ್ತಿರ ಬಂದಂತೆ ಕೆಳದವಡೆ ಇನ್ನೂ ಮುಂದೆ ಬಂದಂತೆ ಕಾಣುತ್ತದೆ, ಕಚ್ಚಿ ತಿನ್ನುವುದೂ ಕಷ್ಟವಾಗುತ್ತದೆ. ಚಿಕಿತ್ಸೆ ದಾರಿ ತಪ್ಪಿದೆ ಅಂತ ಗಾಬರಿಯಾಗಬೇಡಿ. ಅದು ಹಾಗೇ ಆಗಬೇಕು.

ಕೊಯ್ಯುವುದು ಬಾಯೊಳಗಿನಿಂದಲೇ, ಮುಖದ ಮೇಲೆ ದೊಡ್ಡ ಗಾಯದ ಗುರುತು ಉಳಿಯುವುದಿಲ್ಲ. ಕೆಳದವಡೆಯ ಮೂಳೆಯನ್ನು ಎರಡೂ ಕಡೆ ಉದ್ದಕ್ಕೆ ಸೀಳಿ, ಹಿಂದಕ್ಕೆ ಸರಿಸಿ, ಟೈಟೇನಿಯಂ ಪ್ಲೇಟು, ಸ್ಕ್ರೂ ಹಾಕುತ್ತಾರೆ. 1950ರ ದಶಕದಲ್ಲಿ ಒಬ್ವೆಗೆಸರ್ ಎಂಬ ಸರ್ಜನ್ ರೂಪಿಸಿದ ವಿಧಾನ ಇದು. ತೊಂದರೆ ಕೊಡದಿದ್ದರೆ ಪ್ಲೇಟುಗಳು ಅಲ್ಲೇ ಉಳಿಯುತ್ತವೆ.

ಸಹಿ ಹಾಕುವ ಮುಂಚೆ ಜಾಸ್ತಿ ಯೋಚಿಸಬೇಕಾದ ವಿಷಯ ನರದ್ದು. ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ಕೊಡುವ ನರ ಅದೇ ಮೂಳೆಯೊಳಗೆ ಹಾದುಹೋಗುತ್ತದೆ. ಆಪರೇಷನ್ ಆದ ಮೇಲೆ ಆ ಭಾಗ ಮರಗಟ್ಟುವುದು ತೀರಾ ಸಾಮಾನ್ಯ. ತುಟಿ ಆಡುತ್ತದೆ, ಮಾತು ಬರುತ್ತದೆ, ಆದರೆ ಗದ್ದದ ಮೇಲೆ ನೀರು ಇಳಿದರೂ ಗೊತ್ತಾಗುವುದಿಲ್ಲ. ಬಹಳಷ್ಟು ಜನರಿಗೆ ತಿಂಗಳುಗಳಲ್ಲಿ ಸ್ಪರ್ಶ ವಾಪಸ್ ಬರುತ್ತದೆ, ಮೊದಲು ಜುಮ್ಮೆನ್ನುತ್ತಾ. ಕೆಲವರಿಗೆ ಒಂದಿಷ್ಟು ಜಾಗ ಶಾಶ್ವತವಾಗಿ ಹಾಗೇ ಉಳಿಯುತ್ತದೆ. ಹಾಗೆ ಉಳಿದರೂ ಪರವಾಗಿಲ್ಲ ಅಂತ ಮನಸ್ಸು ಒಪ್ಪಿದರೆ ಮಾತ್ರ ಮುಂದುವರಿಯಿರಿ.

ಊತ ಎರಡು-ಮೂರನೇ ದಿನ ಅತಿ ಜಾಸ್ತಿ. ಎರಡು-ಮೂರು ವಾರದಲ್ಲಿ ಬಹುಪಾಲು ಇಳಿಯುತ್ತದೆ, ಉಳಿದಿದ್ದಕ್ಕೆ ತಿಂಗಳುಗಳು ಬೇಕು. ಮೂಗು ಕಟ್ಟಿರುತ್ತದೆ. ಮೇಲಿನ ದವಡೆಗೂ ಆಪರೇಷನ್ ಆದರೆ ಡಾಕ್ಟರ್ ಹೇಳುವ ತನಕ ಮೂಗು ಸೀಟಬಾರದು. ತಲೆ ಎತ್ತರಿಸಿ ಮಲಗಿ. ಮೇಲಿನ, ಕೆಳಗಿನ ದವಡೆಗಳನ್ನು ಸೇರಿಸಿ ಹಿಡಿಯಲು ರಬ್ಬರ್ ಬ್ಯಾಂಡ್ ಹಾಕಿದ್ದರೆ ಸಣ್ಣ ಕತ್ತರಿ ಹತ್ತಿರ ಇರಲಿ, ಯಾವಾಗ, ಹೇಗೆ ಕತ್ತರಿಸಬೇಕು ಅಂತ ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ಉಸಿರಾಟಕ್ಕೆ ತೊಂದರೆ, ನಿಲ್ಲದ ರಕ್ತ, ಜ್ವರ, ಹಲ್ಲು ಕೂರುವ ರೀತಿ ದಿಢೀರ್ ಬದಲಾಗುವುದು, ಇವಕ್ಕೆ ಬೆಳಗಾಗಲಿ ಅಂತ ಕಾಯಬೇಡಿ.

ಇನ್ನು ಊಟ. ಮೊದಲು ಬರೀ ತೆಳ್ಳಗಿನದು: ರಾಗಿ ಅಂಬಲಿ, ಬೇಳೆಕಟ್ಟು, ಮಜ್ಜಿಗೆ, ಸೋಸಿದ ತಿಳಿಸಾರು. ತೂಕ ಇಳಿದೇ ಇಳಿಯುತ್ತದೆ. ಅದಕ್ಕೇ ನೀರು ಸಾರಿನಲ್ಲೇ ಹೊಟ್ಟೆ ತುಂಬಿಸಬೇಡಿ, ಹಾಲು, ಹೆಸರುಬೇಳೆ, ತುಪ್ಪ ಸೇರಿಸಿ. ಮೂಳೆ ಕೂಡಲು ಆರು ವಾರವಾದರೂ ಬೇಕು, ಅಲ್ಲಿಯವರೆಗೆ ಅಗಿಯುವಂತಿಲ್ಲ. ಬಾಯಿ ಸ್ವಲ್ಪ ತೆರೆಯಲು ಬಂದು, ಡಾಕ್ಟರ್ ಮೆತ್ತನೆ ಊಟಕ್ಕೆ ಒಪ್ಪಿದಾಗ, ಮುದ್ದೆ ನುಂಗಿ ಗೊತ್ತಿದ್ದವರಿಗೆ ದೊಡ್ಡ ಅನುಕೂಲ. ಸಣ್ಣ ಸಣ್ಣ ತುತ್ತು, ಬಸ್ಸಾರಿನ ಜೊತೆ. ಅಷ್ಟು ರುಚಿಯಾದ ಊಟ ನಾನು ಬೇರೆ ಮಾಡಿಲ್ಲ.

ಎರಡನೇ ವಾರ ಮನಸ್ಸು ಕುಗ್ಗುತ್ತದೆ. ಹಸಿವು, ನಿದ್ದೆಗೇಡು, ಕನ್ನಡಿಯಲ್ಲಿ ಗುರುತೇ ಸಿಗದ ಮುಖ. ಯಾಕಾದರೂ ಮಾಡಿಸಿಕೊಂಡೆನೋ ಅನಿಸುತ್ತದೆ. ಇದು ತುಂಬಾ ಜನರಿಗೆ ಆಗುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ.

ಖರ್ಚಿನ ಚಿಂತೆ ಇದ್ದರೆ ದಂತ ಕಾಲೇಜುಗಳಲ್ಲಿ ವಿಚಾರಿಸಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಧಾರವಾಡದ ಎಸ್‌ಡಿಎಂ ಕಾಲೇಜುಗಳಲ್ಲಿ ಬಾಯಿ-ದವಡೆ ಸರ್ಜರಿ ವಿಭಾಗಗಳಿವೆ. ವಿಮೆ ಇದ್ದರೆ, ಈ ಆಪರೇಷನ್‌ಗೆ ಹಣ ಕೊಡುತ್ತಾರಾ ಅಂತ ವಿಮಾ ಕಂಪನಿಯಿಂದ ಕ್ಲಿಪ್ ಹಾಕಿಸುವ ಮುಂಚೆಯೇ ಬರಹದಲ್ಲಿ ಉತ್ತರ ಪಡೆಯಿರಿ. ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಅವರು ಹಣ ಕೊಡುವುದಿಲ್ಲ. ನಿಮಗೆ ಅಗಿಯಲು, ಮಾತಾಡಲು ನಿಜವಾಗಿ ತೊಂದರೆಯಿದ್ದರೆ ಅದು ಡಾಕ್ಟರ್ ಚೀಟಿಯಲ್ಲಿ ಸ್ಪಷ್ಟವಾಗಿ ಇರಲಿ.