ಗುಜರಾತಿನ ಕಛ್‌ನ ಲಿಟ್ಲ್ ರಣ್ ಫೋಟೋಗ್ರಫಿ ಟೂರಿಗೆ 600 ಎಂಎಂ ಲೆನ್ಸ್ ಬಾಡಿಗೆಗೆ ತರಲೇ, ಇರುವ 100-400 ಜೂಮ್ ಸಾಕೇ?

ತರಬೇಡಿ. ನಾನೂ ಇದೇ ಲೆಕ್ಕ ಹಾಕುತ್ತಿದ್ದವನೇ: ಕಛ್‌ನ ಬಯಲು ವಿಶಾಲ, ಕಾಡುಕತ್ತೆ ದೂರ, ಇರುವ ಲೆನ್ಸ್ ಸಾಲದು. ಕತ್ತೆ ದೂರ ಇರುವುದು ನಿಜ. ಆದರೆ ಅಲ್ಲಿ ಚಿತ್ರ ಕೆಡಿಸುವುದು ದೂರಕ್ಕಿಂತ ಹೆಚ್ಚಾಗಿ ನೆಲದಿಂದೇಳುವ ಬಿಸಿಗಾಳಿ.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕಂದರೆ ವಾಪಸ್ ಬಂದು ಫೋಕಸ್ ಕೆಟ್ಟಿದೆ ಅಂತ ಲೆನ್ಸನ್ನು ಸರ್ವಿಸ್ ಸೆಂಟರಿಗೆ ಕೊಡುವವರಿದ್ದಾರೆ. ರಣ್ ಅಂದರೆ ಬಿರುಕುಬಿಟ್ಟ, ಉಪ್ಪು ಹತ್ತಿದ ಬೋಳು ಕೆಸರುನೆಲ. ಬಿಸಿಲೇರಿದಂತೆ ನೆಲಕ್ಕೆ ತಾಗಿದ ಗಾಳಿ ಕಾಯುತ್ತದೆ, ಮೇಲಿನದು ತಣ್ಣಗೇ ಇರುತ್ತದೆ. ಎರಡೂ ಕಲಸಿಕೊಳ್ಳುವಲ್ಲಿ ಬೆಳಕು ಬಾಗುತ್ತದೆ, ಅದೂ ಕ್ಷಣಕ್ಕೊಂದು ರೀತಿ. 200 ಮೀಟರ್ ಆಚೆಯ ಕತ್ತೆಯ ಕಾಲು ನೀರಲ್ಲಿ ನಿಂತ ಹಾಗೆ ಅಲುಗುತ್ತದೆ, ಕಣ್ಣಿನ ಅಂಚು ಕಲೆಸಿಹೋಗುತ್ತದೆ. ಶಟರ್ 1/4000 ಇಟ್ಟರೂ ಅಷ್ಟೇ, ಸ್ಟೆಬಿಲೈಸರ್ ಹಾಕಿದರೂ ಅಷ್ಟೇ. 600 ಎಂಎಂ ಆ ನಡುಕವನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಲೋ ಆ್ಯಂಗಲ್ ಆಸೆಗೆ ನೆಲಕ್ಕೆ ಮಲಗಿದಿರೋ, ನಡುಕ ಅತಿ ಹೆಚ್ಚಿರುವ ಪದರದೊಳಗೇ ಲೆನ್ಸ್ ಇಟ್ಟ ಹಾಗೆ. ಮಲಗುವುದೆಲ್ಲ ಮೊದಲ ಒಂದು ಗಂಟೆ ಮಾತ್ರ. ಆಮೇಲೆ ಜೀಪಿನಲ್ಲಿ ನಿಂತೇ ತೆಗೆಯಿರಿ. ಬಾನೆಟ್ ಮೇಲಿಂದ ಹಾಯಿಸಿ ತೆಗೆಯಬೇಡಿ, ಎಂಜಿನ್ ಬಿಸಿಯೂ ಇದನ್ನೇ ಮಾಡುತ್ತದೆ. ಬೆಚ್ಚಗಿನ ರೂಮಿನಿಂದ ತಂದ ಲೆನ್ಸನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ, ಇಲ್ಲದಿದ್ದರೆ ಲೆನ್ಸಿನ ಮುಂದಿನ ಹುಡ್‌ನೊಳಗಿನ ಗಾಳಿಯೇ ಸಾಕು ಕೆಡಿಸಲು.

ಪರೀಕ್ಷೆ ಸುಲಭ. ಕ್ಯಾಮೆರಾ ಪರದೆಯ ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ ಕಿವಿಯ ತುದಿ ನೋಡಿ. ಅದು ಅಲುಗುತ್ತಿದ್ದರೆ ಪೋರ್ಟ್ರೇಟ್ ಮರೆತು 100 ಎಂಎಂಗೆ ಬನ್ನಿ, ಮರೀಚಿಕೆಯಲ್ಲಿ ತೇಲುವ ಹಿಂಡನ್ನೇ ಚಿತ್ರ ಮಾಡಿ.

ಲೆನ್ಸ್ ಬಾಡಿಗೆಯ ದುಡ್ಡನ್ನು ಜೀಪಿಗೆ ಹಾಕಿ. ಒಂದು ಜೀಪಿನಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು. ಆರು ಜನರನ್ನು ತುಂಬುವ ಟೂರ್ ಬೇಡವೇ ಬೇಡ. ಜನವರಿ ಮಧ್ಯದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಸುಮಾರು 7:20ಕ್ಕೆ, ಬೆಂಗಳೂರಿಗಿಂತ ತಡ. ಆ ಹೊತ್ತಿಗೆ ಬಯಲಿನಲ್ಲಿರಬೇಕು. ‘ತಿಂಡಿ ಮುಗಿಸಿ ಹೊರಡೋಣ’ ಅನ್ನುವ ಆಯೋಜಕರಿಗೆ ಫೋಟೋಗ್ರಫಿ ಗೊತ್ತಿಲ್ಲ. ಗೈಡ್ ದಸಾಡಾ, ಬಜಾನಾ ಕಡೆಯ ಸ್ಥಳೀಯರೇ ಆಗಿರಲಿ. 2024ರ ಗಣತಿಯಲ್ಲಿ 7,672 ಕಾಡುಕತ್ತೆ ಸಿಕ್ಕಿವೆ, ಅವು ಯಾರಿಗಾದರೂ ಕಾಣುತ್ತವೆ. ಹುಲ್ಲಿನಲ್ಲಿ ಅಡಗಿ ಕೂತ ಶಾರ್ಟ್-ಇಯರ್ಡ್ ಗೂಬೆ, ಮ್ಯಾಕ್ವೀನ್ಸ್ ಬಸ್ಟರ್ಡ್ ಎಂಬ ಹಕ್ಕಿ ಹಾಗಲ್ಲ. ಕತ್ತೆ ಮೇಯುವುದು ‘ಬೆಟ್’ ಅನ್ನುವ ಎತ್ತರದ ದಿಬ್ಬಗಳ ಸುತ್ತ. ನಮ್ಮ ಬಳ್ಳಾರಿ ಜಾಲಿಯೇ ಅಲ್ಲೂ ಹಬ್ಬಿದೆ, ಅದರ ಕಾಯನ್ನೂ ತಿನ್ನುತ್ತವೆ. ಜೀಪ್ ನಿಲ್ಲಿಸಿ ಕಾದರೆ ತಾವೇ ಹತ್ತಿರ ಬರುವುದುಂಟು. ಕತ್ತೆಯನ್ನು ಓಡಿಸಿ ಪ್ಯಾನಿಂಗ್ (ಓಡುವ ಪ್ರಾಣಿಯ ಜೊತೆಗೇ ಕ್ಯಾಮೆರಾ ತಿರುಗಿಸಿ ತೆಗೆಯುವುದು) ಮಾಡಿಸುತ್ತೇನೆ ಅನ್ನುವ ಡ್ರೈವರಿಗೆ ಬೇಡ ಅನ್ನಿ.

ಟ್ರೈಪಾಡ್ ಮನೆಯಲ್ಲೇ ಇರಲಿ. ಲೆನ್ಸ್ ಊರಿಡುವ ಚೀಲ, ಬೀನ್ ಬ್ಯಾಗ್, ಅದನ್ನು ಖಾಲಿ ಒಯ್ದು, ಅಲ್ಲೇ ಎರಡು ಮೂರು ಕೆ.ಜಿ. ಸಜ್ಜೆ ಕೊಂಡು ತುಂಬಿ. ಬಿಳಿ ಉಪ್ಪುನೆಲ ಕ್ಯಾಮೆರಾದ ಬೆಳಕಿನ ಮೀಟರನ್ನು ಮೋಸ ಮಾಡುತ್ತದೆ, ಚಿತ್ರ ಕಪ್ಪಾಗುತ್ತದೆ: ಎಕ್ಸ್‌ಪೋಶರ್ ಕಾಂಪೆನ್ಸೇಶನ್ +0.7ರಿಂದ ಶುರುಮಾಡಿ, ಕತ್ತೆಯ ಬಿಳಿ ಹೊಟ್ಟೆ ಸುಟ್ಟುಹೋಗದಂತೆ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ನೋಡುತ್ತ ಏರಿಸಿ. ಬಯಲಲ್ಲಿ ಲೆನ್ಸ್ ಬದಲಿಸಬೇಡಿ. ಬಾಡಿಗೆಗೇ ತರುವುದಾದರೆ ಇನ್ನೊಂದು ಕ್ಯಾಮೆರಾ ಬಾಡಿ ತಂದು ಅದಕ್ಕೆ 24-70 ಲೆನ್ಸ್ ಹಾಕಿಡಿ. ಧೂಳಿನಲ್ಲಿ ಉಪ್ಪಿರುತ್ತದೆ, ಬಟ್ಟೆಯಿಂದ ಉಜ್ಜಿದರೆ ಗಾಜಿಗೆ ಗೀರು. ಮೊದಲು ಬ್ಲೋವರ್, ಆಮೇಲೆ ಬ್ರಶ್. ಕ್ಯಾಮೆರಾದ ಹೊರಮೈಗೆ ಮಾತ್ರ ರಾತ್ರಿ ತುಸು ಒದ್ದೆ ಬಟ್ಟೆ.